ಹೃದಯಾಘಾತ: ಯಾರಿಗೆ ಈಗಲೇ, ಯಾರಿಗೆ ನಾಳೆ?

ರಾತ್ರಿ ಒಂಬತ್ತು ಗಂಟೆ ಕಳೆದಿತ್ತು. ಇಶಾ ನಮಾಝ್ ಮುಗಿಸಿ ಮಕ್ಕಳ ಉತ್ತರ ಪತ್ರಿಕೆಗಳನ್ನು ತಿದ್ದುತ್ತಾ ಕುಳಿತಿದ್ದೆ. ನೆರೆಮನೆಯ ಹುಡುಗಿ ಫೋನ್ ಮಾಡಿದಳು. ಮದ್ರಸದಲ್ಲಿ ನನ್ನ ಬಳಿ ಕಲಿತವಳು, ಈಗ ಎರಡು ಮಕ್ಕಳ ತಾಯಿ.

“ಟೀಚರ್, ಉಮ್ಮನನ್ನು ಆಸ್ಪತ್ರೆಗೆ ಸೇರಿಸಿದ್ದೇವೆ. ಹಾರ್ಟ್ ಅಟ್ಯಾಕ್ ಅಂತೆ. ನೀವು ಒಮ್ಮೆ ಬರ್ತೀರಾ?”

ಆ ಉಮ್ಮನಿಗೆ 62 ವರ್ಷ. ಹತ್ತು ವರ್ಷಗಳಿಂದ ಸಕ್ಕರೆ ಕಾಯಿಲೆ. ಅಂದು ಅಸರ್‌ನ ಹೊತ್ತಿಗೇ ಅವರಿಗೆ ದವಡೆಯಲ್ಲಿ ಸೆಳೆತ ಶುರುವಾಗಿತ್ತು. ಮೈಯೆಲ್ಲ ಬೆವರು, ಹೇಳಲಾಗದ ಆಯಾಸ. ಎದೆನೋವು ಇರಲಿಲ್ಲ. “ಗ್ಯಾಸ್ ಆಗಿರಬೇಕು” ಎಂದು ಜೀರಿಗೆ ಕಷಾಯ ಕುಡಿದು ಮಲಗಿದರು. ಮಗ್ರಿಬ್‌ಗೆ ಎದ್ದಾಗ ಉಸಿರು ಕಟ್ಟುತ್ತಿತ್ತು. ಆಮೇಲೆ ವಾಹನ ಹುಡುಕಿ ಆಸ್ಪತ್ರೆ ಸೇರುವಾಗ ಎಂಟೂವರೆ.

ನಾನು ಹೋದಾಗ ಹುಡುಗಿ ಐಸಿಯು ಹೊರಗೆ ನಿಂತು ಅಳುತ್ತಿದ್ದಳು. ಪಕ್ಕದ ಹಾಸಿಗೆಗೆ ಬಂದ ಐವತ್ತರ ಆಸುಪಾಸಿನ ಒಬ್ಬರನ್ನು ಅರ್ಧ ಗಂಟೆಯೊಳಗೆ ಆಂಜಿಯೋಗ್ರಾಮ್‌ಗೆ ಒಯ್ದಿದ್ದರು. ಇವಳ ಉಮ್ಮನಿಗೆ ಮಾತ್ರ “ನಾಳೆ ಬೆಳಿಗ್ಗೆ ಮಾಡೋಣ” ಎಂದಿದ್ದರು.

“ಅವರ ಹತ್ತಿರ ದುಡ್ಡಿದೆ ಅಂತ ಬೇಗ ಮಾಡಿದ್ರಾ ಟೀಚರ್? ನಮ್ಮ ಉಮ್ಮ ಹೆಂಗಸು, ವಯಸ್ಸಾದವರು ಅಂತ ಬದಿಗಿಟ್ರಾ?”

ಇತ್ತ ಫೋನಿನಲ್ಲಿ ಇಬ್ಬರು ಗಂಡು ಮಕ್ಕಳು. ದಮ್ಮಾಮ್‌ನಲ್ಲಿರುವ ದೊಡ್ಡವನು, “ಈಗಲೇ ಮಾಡದಿದ್ದರೆ ಬೇರೆ ಆಸ್ಪತ್ರೆಗೆ ಸಾಗಿಸಿ” ಎನ್ನುತ್ತಿದ್ದ. ದುಬೈಯಲ್ಲಿರುವ ಚಿಕ್ಕವನು, “ಸಹಿ ಹಾಕಬೇಡಿ, ದುಡ್ಡಿಗಾಗಿ ಹೆದರಿಸುತ್ತಾರೆ. ಶುಕ್ರವಾರ ನಾನು ಬಂದ ಮೇಲೆ ನೋಡೋಣ” ಎನ್ನುತ್ತಿದ್ದ. ಅಂದು ಸೋಮವಾರ.

ಡ್ಯೂಟಿಯಲ್ಲಿದ್ದ ಯುವ ವೈದ್ಯೆಯೊಬ್ಬರು ನಮ್ಮನ್ನು ಕುಳ್ಳಿರಿಸಿ, ಒಂದು ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ಹತ್ತು ನಿಮಿಷ ವಿವರಿಸಿದರು. ನಾನು ವೈದ್ಯಳಲ್ಲ. ಆದರೆ ಆ ಹತ್ತು ನಿಮಿಷ ನಮ್ಮೆಲ್ಲರ ಗೊಂದಲ ನೀಗಿಸಿತು. ಅಂದು ಕೇಳಿದ್ದನ್ನೂ ಆಮೇಲೆ ಓದಿ ತಿಳಿದದ್ದನ್ನೂ ಸೇರಿಸಿ ನಿಮ್ಮ ಮುಂದಿಡುತ್ತಿದ್ದೇನೆ. ಏಕೆಂದರೆ ಸಹೋದರಿಯರೇ, ಇಂತಹ ರಾತ್ರಿ ಯಾವ ಮನೆಗೂ ಬರಬಹುದು. ಗಂಡಸರು ದೂರದೇಶದಲ್ಲಿರುವಾಗ ಆ ಕಾಗದಕ್ಕೆ ಸಹಿ ಹಾಕಬೇಕಾದವರು ನೀವೇ ಆಗಿರಬಹುದು.

ಹೃದಯಾಘಾತದಲ್ಲಿ ಎರಡು ಬಗೆ

ಹೃದಯ ಇಡೀ ದೇಹಕ್ಕೆ ರಕ್ತ ಕಳಿಸುತ್ತದೆ. ಅದರ ಸ್ವಂತ ಮಾಂಸಖಂಡಕ್ಕೆ ರಕ್ತ ಒದಗಿಸುವುದು ಅದರ ಮೇಲೆ ಹರಡಿರುವ ಸಣ್ಣ ರಕ್ತನಾಳಗಳು. ಈ ನಾಳಗಳ ಒಳಗೋಡೆಯಲ್ಲಿ ವರ್ಷಗಟ್ಟಲೆ ಕೊಬ್ಬು ಶೇಖರವಾಗುತ್ತದೆ. ಒಂದು ದಿನ ಆ ಕೊಬ್ಬಿನ ಪದರ ಒಡೆದರೆ ಅಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಹೆಪ್ಪು ನಾಳವನ್ನು ಪೂರ್ತಿ ಮುಚ್ಚಿದರೆ ಅದು ಮೊದಲನೆಯ ಬಗೆ. ಇಸಿಜಿಯ ಗೆರೆಯಲ್ಲಿ ‘ಎಸ್‌ಟಿ’ ಎಂಬ ಭಾಗ ಮೇಲಕ್ಕೆ ಎದ್ದು ಕಾಣುತ್ತದೆ. ವೈದ್ಯರು ಇದನ್ನು ‘ಸ್ಟೆಮಿ’ ಎನ್ನುತ್ತಾರೆ. ನಾಳ ಪೂರ್ತಿ ಮುಚ್ಚದೆ ಅಲ್ಪಸ್ವಲ್ಪ ರಕ್ತ ಹರಿಯುತ್ತಿದ್ದರೆ ಸಾಮಾನ್ಯವಾಗಿ ಅದು ಎರಡನೆಯ ಬಗೆ, ‘ಎನ್‌ಸ್ಟೆಮಿ’. ಇದರಲ್ಲಿ ಇಸಿಜಿ ಸ್ವಲ್ಪ ಮಾತ್ರ ಬದಲಾಗಿರಬಹುದು, ಕೆಲವೊಮ್ಮೆ ಸರಿಯಾಗಿಯೇ ಕಾಣಬಹುದು. ಆಗ ಗುಟ್ಟು ಬಿಟ್ಟುಕೊಡುವುದು ರಕ್ತಪರೀಕ್ಷೆ. ಹೃದಯದ ಮಾಂಸಖಂಡಕ್ಕೆ ಪೆಟ್ಟಾದಾಗ ‘ಟ್ರೋಪೋನಿನ್’ ಎಂಬ ಪ್ರೋಟೀನ್ ರಕ್ತಕ್ಕೆ ಸೋರುತ್ತದೆ. ಆರಂಭದಲ್ಲಿ ಅದೂ ಕಡಿಮೆ ಇರಬಹುದು. ಆದ್ದರಿಂದಲೇ ಕೆಲವು ಗಂಟೆಗಳ ಅಂತರದಲ್ಲಿ ಇಸಿಜಿಯನ್ನೂ ಟ್ರೋಪೋನಿನನ್ನೂ ಮತ್ತೊಮ್ಮೆ ನೋಡುತ್ತಾರೆ. “ಮೊದಲ ಇಸಿಜಿ ನಾರ್ಮಲ್” ಎಂದ ಮಾತ್ರಕ್ಕೆ ಹೊರಟು ಬರಬಾರದು.

ಪಕ್ಕದ ಹಾಸಿಗೆಯವರದು ಮೊದಲನೆಯ ಬಗೆ, ನಮ್ಮ ಉಮ್ಮನದು ಎರಡನೆಯದು. ಅವಸರದ ವ್ಯತ್ಯಾಸಕ್ಕೆ ಕಾರಣ ದುಡ್ಡೂ ಅಲ್ಲ, ಹೆಂಗಸು ಎಂಬುದೂ ಅಲ್ಲ.

ಮೊದಲನೆಯ ಬಗೆ: ನಿಮಿಷಗಳ ಲೆಕ್ಕ

ನಾಳ ಪೂರ್ತಿ ಮುಚ್ಚಿದಾಗ ಅದರ ಕೆಳಗಿನ ಮಾಂಸಖಂಡ ಸಾಯತೊಡಗುತ್ತದೆ. ಹೀಗೆ ಸತ್ತ ಭಾಗ ಮತ್ತೆ ಚಿಗುರುವುದಿಲ್ಲ. ಇಲ್ಲಿ ಯೋಚಿಸುತ್ತಾ ಕೂರಲು ಸಮಯವಿಲ್ಲ. ಕೈಯ ಮಣಿಕಟ್ಟು ಅಥವಾ ತೊಡೆಯ ಸಂದಿಯ ನಾಳದ ಮೂಲಕ ತೆಳುವಾದ ಕೊಳವೆ ತೂರಿಸಿ, ಔಷಧ ದ್ರವ ಬಿಟ್ಟು, ತಡೆ ಎಲ್ಲಿದೆ ಎಂದು ನೋಡುವುದು ಆಂಜಿಯೋಗ್ರಾಮ್. ಅದೇ ದಾರಿಯಲ್ಲಿ ಬಲೂನ್ ಉಬ್ಬಿಸಿ ನಾಳ ತೆರೆದು, ಸ್ಟೆಂಟ್ ಎಂಬ ಜಾಲರಿಯ ಕೊಳವೆ ಕೂರಿಸುವುದು ಆಂಜಿಯೋಪ್ಲಾಸ್ಟಿ. ಈ ಸೌಲಭ್ಯವಿರುವ ಆಸ್ಪತ್ರೆಗೆ ರೋಗಿ ಬಂದ 90 ನಿಮಿಷಗಳೊಳಗೆ ನಾಳ ತೆರೆಯಬೇಕು ಎಂಬುದು ಸ್ಟೆಮಿಗೆ ಜಗತ್ತಿನಾದ್ಯಂತ ಇಟ್ಟುಕೊಂಡಿರುವ ಗುರಿ.

ಆದರೆ ನಮ್ಮಲ್ಲಿ ಎಲ್ಲ ತಾಲೂಕುಗಳಲ್ಲೂ ಈ ಸೌಲಭ್ಯವಿಲ್ಲ. ಸುಮಾರು ಎರಡು ಗಂಟೆಯೊಳಗೆ ಆಂಜಿಯೋಪ್ಲಾಸ್ಟಿ ಆಗುವಂತಿಲ್ಲದಿದ್ದರೆ, ಮತ್ತು ನೋವು ಶುರುವಾಗಿ 12 ಗಂಟೆ ಕಳೆದಿಲ್ಲದಿದ್ದರೆ, ಹತ್ತಿರದ ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುತ್ತಾರೆ. ಮೊದಲ ಎರಡು ಮೂರು ಗಂಟೆಗಳಲ್ಲಿ ಕೊಟ್ಟರೆ ಇದರ ಫಲ ಹೆಚ್ಚು. ಮಿದುಳಿನಲ್ಲಿ ರಕ್ತಸ್ರಾವ ಆಗಿದ್ದವರಿಗೆ, ಇತ್ತೀಚೆಗೆ ದೊಡ್ಡ ಆಪರೇಶನ್ ಆದವರಿಗೆ ಇದು ಅಪಾಯ. ಆದ್ದರಿಂದ ಅಂತಹ ಸಂಗತಿಗಳನ್ನು ವೈದ್ಯರಿಗೆ ಕೂಡಲೇ ತಿಳಿಸಬೇಕು.

ಇಂಜೆಕ್ಷನ್‌ನಿಂದ ನೋವು ಇಳಿಯಿತೆಂದು ಮನೆಗೆ ಹೊರಡುವವರಿದ್ದಾರೆ. ಇದು ದೊಡ್ಡ ತಪ್ಪು. ಇಂಜೆಕ್ಷನ್ ಹೆಪ್ಪನ್ನು ಕರಗಿಸುತ್ತದೆ, ಒಡೆದ ಕೊಬ್ಬಿನ ಪದರ ಅಲ್ಲೇ ಇರುತ್ತದೆ. ಆದ್ದರಿಂದ ಇಂಜೆಕ್ಷನ್ ಫಲಿಸಿದವರಿಗೂ 2ರಿಂದ 24 ಗಂಟೆಗಳೊಳಗೆ ಆಂಜಿಯೋಗ್ರಾಮ್ ಮಾಡಿಸಬೇಕೆಂಬುದು ಈಗಿನ ಸಲಹೆ. ಒಂದು ಒಂದೂವರೆ ಗಂಟೆಯಾದರೂ ನೋವು ತಗ್ಗದೆ, ಇಸಿಜಿಯ ಗೆರೆ ಇಳಿಯದೆ ಇದ್ದರೆ ಇಂಜೆಕ್ಷನ್ ಫಲಿಸಿಲ್ಲ ಎಂದರ್ಥ. ಆಗ ತಡಮಾಡದೆ ದೊಡ್ಡ ಆಸ್ಪತ್ರೆಗೆ ಹೊರಡಲೇಬೇಕು.

ಕರ್ನಾಟಕದಲ್ಲಿ ಈ ನಿಟ್ಟಿನಲ್ಲಿ ಒಳ್ಳೆಯ ಪ್ರಯತ್ನಗಳು ನಡೆದಿವೆ. ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್‌ನಲ್ಲಿ ಕೇವಲ 46ನೇ ವಯಸ್ಸಿನಲ್ಲಿ ತೀರಿಕೊಂಡದ್ದು ನೆನಪಿರಬಹುದು. 2023ರಲ್ಲಿ ರಾಜ್ಯ ಸರಕಾರ ಅವರ ಹೆಸರಿನಲ್ಲಿ ‘ಹೃದಯ ಜ್ಯೋತಿ’ ಯೋಜನೆ ಪ್ರಕಟಿಸಿತು. ತಾಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಬೆಂಗಳೂರಿನ ಜಯದೇವದಂತಹ ದೊಡ್ಡ ಹೃದ್ರೋಗ ಸಂಸ್ಥೆಯ ತಜ್ಞರು ನೋಡಿ ಸಲಹೆ ಕೊಡುವುದು, ಅಗತ್ಯವಿದ್ದರೆ ದುಬಾರಿಯಾದ ಟೆನೆಕ್ಟೆಪ್ಲೇಸ್ ಇಂಜೆಕ್ಷನನ್ನು ಅಲ್ಲಿಯೇ ಉಚಿತವಾಗಿ ನೀಡುವುದು ಇದರ ಉದ್ದೇಶ. ನಮ್ಮ ಕರಾವಳಿಯಲ್ಲಿ ಮಂಗಳೂರಿನ ಹೃದ್ರೋಗ ತಜ್ಞ ಡಾ. ಪದ್ಮನಾಭ ಕಾಮತ್ ಅವರು ಹಳ್ಳಿಗಳ ಆರೋಗ್ಯ ಕೇಂದ್ರಗಳಿಗೆ ಇಸಿಜಿ ಯಂತ್ರಗಳನ್ನು ಒದಗಿಸಿ, ವಾಟ್ಸ್ಆ್ಯಪ್ ಮೂಲಕ ಸಲಹೆ ಪಡೆಯುವ ವ್ಯವಸ್ಥೆಯನ್ನು ಬೆಳೆಸಿದ್ದಾರೆ. ಆದ್ದರಿಂದ “ಸಣ್ಣ ಆಸ್ಪತ್ರೆಯಲ್ಲಿ ಏನಿದೆ?” ಎಂದು ಅದನ್ನು ದಾಟಿ ಹೋಗಬೇಡಿ. ಇಸಿಜಿ ಎಷ್ಟು ಬೇಗ ಆಗುತ್ತದೆಯೋ ಅಷ್ಟು ಒಳ್ಳೆಯದು.

ಎರಡನೆಯ ಬಗೆ: ಅಪಾಯವನ್ನು ತೂಗಿ ನೋಡುವುದು

ಎನ್‌ಸ್ಟೆಮಿಯಲ್ಲಿ ಹೆಪ್ಪು ಕರಗಿಸುವ ಆ ಇಂಜೆಕ್ಷನ್ ಕೊಡುವುದಿಲ್ಲ. ಅದರಿಂದ ಲಾಭಕ್ಕಿಂತ ರಕ್ತಸ್ರಾವದ ಹಾನಿಯೇ ಹೆಚ್ಚು. “ಅವರಿಗೆ ಕೊಟ್ಟರು, ನಮಗೇಕಿಲ್ಲ?” ಎಂದು ಜಗಳವಾಡುವವರು ಇದನ್ನು ತಿಳಿದಿರಬೇಕು. ಇಲ್ಲಿ ರಕ್ತ ತೆಳುವಾಗಿಸುವ ಬೇರೆ ಇಂಜೆಕ್ಷನ್, ಆಸ್ಪಿರಿನ್, ಅದರ ಜೊತೆ ಇನ್ನೊಂದು ಮಾತ್ರೆ, ಕೊಲೆಸ್ಟರಾಲ್ ತಗ್ಗಿಸುವ ಮಾತ್ರೆ ಆರಂಭಿಸಿ ಮಾನಿಟರಿನಲ್ಲಿ ಕಣ್ಣಿಟ್ಟಿರುತ್ತಾರೆ. ಹೊರಗೆ ನಿಂತವರಿಗೆ ಸುಮ್ಮನೆ ಮಲಗಿಸಿದಂತೆ ಕಾಣುತ್ತದೆ. ನಿಜದಲ್ಲಿ ಚಿಕಿತ್ಸೆ ನಡೆಯುತ್ತಿರುತ್ತದೆ.

ಆಂಜಿಯೋಗ್ರಾಮ್ ಯಾವಾಗ ಎಂಬುದನ್ನು ವೈದ್ಯರು ಅಪಾಯದ ಮಟ್ಟ ನೋಡಿ ತೀರ್ಮಾನಿಸುತ್ತಾರೆ. ಸ್ಥೂಲವಾಗಿ ಮೂರು ಗುಂಪು.

ಒಂದು, ಅತಿ ಹೆಚ್ಚು ಅಪಾಯದವರು. ಔಷಧ ಕೊಟ್ಟರೂ ನೋವು ನಿಲ್ಲದವರು ಅಥವಾ ಮತ್ತೆ ಮತ್ತೆ ಬರುವವರು, ರಕ್ತದೊತ್ತಡ ಕುಸಿದವರು, ಶ್ವಾಸಕೋಶದಲ್ಲಿ ನೀರು ತುಂಬಿ ಉಸಿರಾಡಲಾಗದವರು, ಹೃದಯದ ಬಡಿತ ಅಪಾಯಕಾರಿಯಾಗಿ ತಪ್ಪಿದವರು, ಹೃದಯ ನಿಂತು ಮತ್ತೆ ಬಡಿದವರು. ಇವರದು ಎರಡನೆಯ ಬಗೆಯಾದರೂ ಎರಡು ಗಂಟೆಯೊಳಗೆ ಆಂಜಿಯೋಗ್ರಾಮ್ ಬೇಕು.

ಎರಡು, ಹೆಚ್ಚು ಅಪಾಯದವರು. ಟ್ರೋಪೋನಿನ್ ಏರಿ ಹೃದಯಾಘಾತ ಖಚಿತವಾದವರು, ಇಸಿಜಿ ಹೊಸದಾಗಿ ಬದಲಾಗುತ್ತಿರುವವರು, ‘ಗ್ರೇಸ್ ಸ್ಕೋರ್’ 140 ದಾಟಿದವರು. ಇವರಿಗೆ 24 ಗಂಟೆಗಳೊಳಗೆ ಮಾಡುವುದು ಒಳಿತು. ಗ್ರೇಸ್ ಸ್ಕೋರ್ ಎಂದರೆ ವಯಸ್ಸು, ನಾಡಿ ಬಡಿತ, ರಕ್ತದೊತ್ತಡ, ಕಿಡ್ನಿಯ ಸ್ಥಿತಿ ತಿಳಿಸುವ ಕ್ರಿಯಾಟಿನಿನ್, ಉಸಿರಿನ ತೊಂದರೆ, ಇಸಿಜಿ, ಟ್ರೋಪೋನಿನ್ ಮುಂತಾದವುಗಳಿಗೆ ಅಂಕ ಕೊಟ್ಟು ಕೂಡಿಸುವ ಲೆಕ್ಕ. ನಾವು ಮಕ್ಕಳಿಗೆ ಹಾಕುವ ಅಂಕದ ಹಾಗೆಯೇ, ಆದರೆ ಇಲ್ಲಿ ಅಂಕ ಹೆಚ್ಚಾದಷ್ಟೂ ಅಪಾಯ ಹೆಚ್ಚು.

ಮೂರು, ಕಡಿಮೆ ಅಪಾಯದವರು. ಟ್ರೋಪೋನಿನ್ ಏರಿಲ್ಲ, ಇಸಿಜಿ ಬದಲಾಗಿಲ್ಲ, ನೋವು ಮರಳಿಲ್ಲ. ಇವರಿಗೆ ಎಕೋ, ಟ್ರೆಡ್‌ಮಿಲ್, ಸಿಟಿ ಸ್ಕ್ಯಾನ್‌ನಂತಹ ಪರೀಕ್ಷೆಗಳನ್ನು ಮೊದಲು ಮಾಡಿ, ಬೇಕಾದರೆ ಮಾತ್ರ ಆಂಜಿಯೋಗ್ರಾಮ್.

ಇದು ಯಾರೋ ಮನಸ್ಸಿಗೆ ತೋಚಿದಂತೆ ಮಾಡಿದ ವಿಂಗಡಣೆಯಲ್ಲ. 2009ರಲ್ಲಿ ಪ್ರಕಟವಾದ ‘ಟೈಮ್ಯಾಕ್ಸ್’ ಎಂಬ ಅಧ್ಯಯನದಲ್ಲಿ ಹಲವು ದೇಶಗಳ 3,031 ರೋಗಿಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 24 ಗಂಟೆಗಳೊಳಗೆ, ಇನ್ನೊಂದಕ್ಕೆ 36 ಗಂಟೆಗಳ ನಂತರ ಆಂಜಿಯೋಗ್ರಾಮ್. ಆರು ತಿಂಗಳ ಬಳಿಕ ಎಲ್ಲರನ್ನೂ ಒಟ್ಟಾಗಿ ನೋಡಿದರೆ ಸಾವು, ಮರು ಹೃದಯಾಘಾತ, ಪಾರ್ಶ್ವವಾಯುಗಳಲ್ಲಿ ಹೇಳಿಕೊಳ್ಳುವಂತಹ ವ್ಯತ್ಯಾಸವಿರಲಿಲ್ಲ. ಆದರೆ ಗ್ರೇಸ್ ಅಂಕ 140 ದಾಟಿದವರಲ್ಲಿ ಮಾತ್ರ ಕಥೆ ಬೇರೆಯಿತ್ತು. ತಡಮಾಡಿದ ಗುಂಪಿನಲ್ಲಿ ನೂರಕ್ಕೆ 21 ಮಂದಿ ಇಂತಹ ವಿಪತ್ತಿಗೆ ಸಿಲುಕಿದರೆ, ಬೇಗ ಮಾಡಿದ ಗುಂಪಿನಲ್ಲಿ ಸುಮಾರು 14 ಮಂದಿ. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ 2,147 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನವೂ ಹೆಚ್ಚು ಕಡಿಮೆ ಇದನ್ನೇ ಹೇಳಿತು.

ಅಂದರೆ ಅವಸರ ಎಲ್ಲರಿಗೂ ಲಾಭ ತರುವುದಿಲ್ಲ. ಅಪಾಯ ಹೆಚ್ಚಿರುವವರಿಗೆ ಮಾತ್ರ ಅದು ಅಮೂಲ್ಯ. ನಮ್ಮ ನೆರೆಮನೆಯ ಉಮ್ಮ ಎರಡನೆಯ ಗುಂಪಿನಲ್ಲಿದ್ದರು. ಔಷಧದಿಂದ ಸೆಳೆತ ನಿಂತಿತ್ತು, ರಕ್ತದೊತ್ತಡ ಸರಿಯಿತ್ತು. “ರಾತ್ರಿ ನೋವು ಮರಳಿದರೆ ಬೆಳಗಾಗಲು ಕಾಯುವುದಿಲ್ಲ, ಆಗಲೇ ಒಯ್ಯುತ್ತೇವೆ” ಎಂದು ವೈದ್ಯೆ ಭರವಸೆ ಕೊಟ್ಟರು. ಅದೇ ರಾತ್ರಿ ಬೇರೆ ಆಸ್ಪತ್ರೆಗೆ ಸಾಗಿಸಿ ಎಂದ ದೊಡ್ಡ ಮಗನದೂ ತಪ್ಪು, ಶುಕ್ರವಾರದವರೆಗೆ ತಡೆಯಿರಿ ಎಂದ ಚಿಕ್ಕವನದೂ ತಪ್ಪು.

ಮಹಿಳೆಯರ ವಿಷಯ

ಹೆಂಗಸರಲ್ಲೂ ಹೃದಯಾಘಾತದ ಮುಖ್ಯ ಲಕ್ಷಣ ಎದೆಯ ನೋವು, ಬಿಗಿತವೇ. ಆದರೆ ಗಂಡಸರಿಗಿಂತ ಹೆಚ್ಚಾಗಿ ಅವರಲ್ಲಿ ಉಸಿರುಗಟ್ಟುವಿಕೆ, ವಾಂತಿ, ಬೆನ್ನು ಅಥವಾ ದವಡೆಯ ನೋವು, ಕಾರಣವಿಲ್ಲದ ಸುಸ್ತು ಕಾಣಿಸಿಕೊಳ್ಳುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ನೋವೇ ತಿಳಿಯದಿರಬಹುದು. ಇದರ ಮೇಲೆ ನಮ್ಮ ಅಭ್ಯಾಸಗಳು ಬೇರೆ. ಅಡುಗೆ ಮುಗಿಯಲಿ, ಮಕ್ಕಳು ಮಲಗಲಿ, ಗಂಡ ಬರಲಿ ಎಂದು ಕಾಯುತ್ತೇವೆ. ರಮಝಾನ್‌ನಲ್ಲಿ ಇಫ್ತಾರ್ ಆಗಲಿ ಎನ್ನುತ್ತೇವೆ. ಇಸಿಜಿಗೆ ಎದೆಯ ಬಟ್ಟೆ ಸರಿಸಬೇಕಲ್ಲ ಎಂದು ಸಂಕೋಚಪಡುತ್ತೇವೆ. ಮಹಿಳಾ ಸಿಬ್ಬಂದಿ ಬೇಕೆಂದು ಕೇಳುವುದು ನಿಮ್ಮ ಹಕ್ಕು, ಖಂಡಿತ ಕೇಳಿ. ಆದರೆ ಅವರು ಆ ಹೊತ್ತಿಗೆ ಸಿಗದಿದ್ದರೆ ಇಸಿಜಿಯನ್ನು ಮುಂದೂಡಬೇಡಿ. ರೋಗಿಗೆ ಉಪವಾಸದಲ್ಲೂ, ಜೀವದ ಅನಿವಾರ್ಯತೆಯಲ್ಲಿ ಪರ್ದಾದಲ್ಲೂ ಧರ್ಮ ರಿಯಾಯಿತಿ ಕೊಟ್ಟಿದೆ ಎಂಬುದು ಮದ್ರಸದ ಮಕ್ಕಳಿಗೂ ಗೊತ್ತಿರುವ ಪಾಠ.

ಎರಡನೆಯ ಬಗೆಯ ಹೃದಯಾಘಾತದಲ್ಲಿ ಬೇಗನೆ ಆಂಜಿಯೋಗ್ರಾಮ್ ಮಾಡುವುದರಿಂದ ಹೆಂಗಸರಿಗೂ ಲಾಭವಿದೆಯೇ ಎಂಬ ಪ್ರಶ್ನೆ ಬಹುಕಾಲ ಇತ್ತು. ಎಂಟು ಅಧ್ಯಯನಗಳ 3,075 ಮಹಿಳೆಯರು ಮತ್ತು 7,075 ಪುರುಷರ ವಿವರಗಳನ್ನು ಒಟ್ಟು ಸೇರಿಸಿದ ಪರಿಶೀಲನೆಯೊಂದು 2008ರಲ್ಲಿ ಪ್ರಕಟವಾಯಿತು. ರಕ್ತಪರೀಕ್ಷೆಯಲ್ಲಿ ಹೃದಯದ ಪೆಟ್ಟು ಖಚಿತವಾದ ಮಹಿಳೆಯರಿಗೆ ಪುರುಷರಂತೆಯೇ ಲಾಭವಿದೆ, ರಕ್ತಪರೀಕ್ಷೆ ಸರಿಯಿರುವ ಕಡಿಮೆ ಅಪಾಯದ ಮಹಿಳೆಯರಿಗೆ ಲಾಭ ಕಾಣಿಸಲಿಲ್ಲ. ಆದ್ದರಿಂದ “ಹೆಂಗಸಿಗೆ ಔಷಧ ಸಾಕು” ಎಂಬ ಮಾತನ್ನೂ ಒಪ್ಪಬೇಡಿ, “ಎದೆನೋವು ಎಂದ ಕೂಡಲೇ ಆಂಜಿಯೋಗ್ರಾಮ್” ಎಂಬುದನ್ನೂ ಒಪ್ಪಬೇಡಿ. ಟ್ರೋಪೋನಿನ್ ಏನು ಹೇಳುತ್ತದೆ ಎಂದು ಕೇಳಿ.

ಇನ್ನೊಂದು ವಿಷಯ. ಹೃದಯಾಘಾತ ಆದರೂ ಆಂಜಿಯೋಗ್ರಾಮ್‌ನಲ್ಲಿ ದೊಡ್ಡ ತಡೆ ಕಾಣದಿರುವುದು ಹೆಂಗಸರಲ್ಲಿ ಹೆಚ್ಚು. ಕೆಲವು ಕಿರಿಯ ಮಹಿಳೆಯರಲ್ಲಿ, ಅದರಲ್ಲೂ ಹೆರಿಗೆಯ ನಂತರದ ದಿನಗಳಲ್ಲಿ, ಕೊಬ್ಬಿಲ್ಲದೆಯೇ ನಾಳದ ಒಳಪದರ ತಾನಾಗಿ ಸೀಳುವುದುಂಟು. ಅದು ಹೆಚ್ಚಾಗಿ ತಾನೇ ಮಾಯುವುದರಿಂದ, ಸ್ಥಿತಿ ಸ್ಥಿರವಾಗಿದ್ದರೆ ಸ್ಟೆಂಟ್ ಹಾಕದೆ ಕಾಯುತ್ತಾರೆ. “ಆಂಜಿಯೋಗ್ರಾಮ್ ಮಾಡಿ ಏನೂ ಸಿಗಲಿಲ್ಲ, ಸುಮ್ಮನೆ ಮಾಡಿದರು” ಎನ್ನಬೇಡಿ. ಏನೂ ಇಲ್ಲ ಎಂದು ತಿಳಿಯುವುದೂ ಚಿಕಿತ್ಸೆಗೆ ದಾರಿ ತೋರುತ್ತದೆ.

ವಯಸ್ಸಾದವರು ಮತ್ತು ಅವಸರವಿಲ್ಲದ ತಡೆಗಳು

ಮನೆಯಲ್ಲಿ ಎಂಬತ್ತು ದಾಟಿದ ಹಿರಿಯರಿದ್ದರೆ ಪ್ರಶ್ನೆ ಇನ್ನೂ ಸೂಕ್ಷ್ಮ. ಬ್ರಿಟನ್ನಿನ 48 ಆಸ್ಪತ್ರೆಗಳಲ್ಲಿ ಎನ್‌ಸ್ಟೆಮಿ ಆಗಿದ್ದ 75 ವರ್ಷ ಮೇಲ್ಪಟ್ಟ 1,518 ಮಂದಿಯ ಅಧ್ಯಯನ 2024ರಲ್ಲಿ ಹೊರಬಂತು. ಆಂಜಿಯೋಗ್ರಾಮ್‌ನ ದಾರಿ ಹಿಡಿದವರಲ್ಲಿ ಮರು ಹೃದಯಾಘಾತ ಕಡಿಮೆಯಾಯಿತು, ಆದರೆ ಹೃದ್ರೋಗದಿಂದ ಸಾಯುವುದು ಕಡಿಮೆಯಾಗಲಿಲ್ಲ. ದುರ್ಬಲ ಶರೀರ, ಕಿಡ್ನಿಯ ತೊಂದರೆ, ರಕ್ತಸ್ರಾವದ ಭಯ ಇರುವ ಹಿರಿಯರಿಗೆ ಔಷಧದಲ್ಲೇ ಮುಂದುವರಿಯುವುದು ನಿರ್ಲಕ್ಷ್ಯವಲ್ಲ. ಆ ಹಿರಿಯರ ಇಷ್ಟವನ್ನೂ ಕೇಳಬೇಕು. ನಾವು ಎಲ್ಲರನ್ನೂ ಕೇಳುತ್ತೇವೆ, ರೋಗಿಯನ್ನು ಮಾತ್ರ ಕೇಳುವುದಿಲ್ಲ.

ಹಾಗೆಯೇ, ನಡೆದಾಗ ಎದೆ ಹಿಡಿದು, ನಿಂತಾಗ ಬಿಡುವ ಹಳೆಯ ನೋವು ಹೃದಯಾಘಾತವಲ್ಲ. 37 ದೇಶಗಳ 5,179 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಇಸ್ಕೀಮಿಯಾ’ ಅಧ್ಯಯನದಲ್ಲಿ, ಇಂತಹ ಸ್ಥಿರ ರೋಗಿಗಳಿಗೆ ಮೊದಲೇ ಸ್ಟೆಂಟ್ ಅಥವಾ ಬೈಪಾಸ್ ಮಾಡಿದ್ದರಿಂದ ಸಾವು ಕಡಿಮೆಯಾಗಲಿಲ್ಲ, ನೋವಿನ ಉಪಶಮನ ಮಾತ್ರ ಹೆಚ್ಚಿತು. ಇಲ್ಲಿ ಔಷಧ ಆರಂಭಿಸಿ, ಇನ್ನೊಬ್ಬ ವೈದ್ಯರನ್ನು ಕೇಳಿ, ಗಲ್ಫ್‌ನಲ್ಲಿರುವ ಮಗನಿಗಾಗಿ ಕಾಯಲು ಸಾಮಾನ್ಯವಾಗಿ ಸಮಯವಿದೆ. ಆದರೆ ಆ ನೋವು ಹೆಚ್ಚುತ್ತಾ ಬಂದರೆ, ಕುಳಿತಾಗಲೂ ಬರತೊಡಗಿದರೆ ಅದು ತುರ್ತು.

ಸಹಿ ಹಾಕುವ ಮುನ್ನ ಕೇಳಬೇಕಾದದ್ದು

ವೈದ್ಯರೊಡನೆ ವಾದಿಸಬೇಡಿ, ಆದರೆ ಸುಮ್ಮನೆಯೂ ಇರಬೇಡಿ. ಈ ಐದು ಪ್ರಶ್ನೆಗಳಿಗೆ ಎರಡು ನಿಮಿಷ ಸಾಕು:

1. ಇದು ಯಾವ ಬಗೆಯ ಹೃದಯಾಘಾತ? ನಾಳ ಪೂರ್ತಿ ಮುಚ್ಚಿದೆಯೇ? ಹೌದೆಂದರೆ ಉಳಿದ ಪ್ರಶ್ನೆ ಬಿಡಿ, ಸಹಿ ಹಾಕಿ.
2. ಟ್ರೋಪೋನಿನ್ ಏರಿದೆಯೇ? ಇಸಿಜಿ ಬದಲಾಗುತ್ತಿದೆಯೇ?
3. ಅಪಾಯ ಎಷ್ಟು? ಎರಡು ಗಂಟೆಯೊಳಗೋ, 24 ಗಂಟೆಯೊಳಗೋ, ಇನ್ನೂ ತಡವಾದರೂ ನಡೆಯುತ್ತದೆಯೋ?
4. ಕಾಯುವ ಸಮಯದಲ್ಲಿ ಯಾವ ಲಕ್ಷಣ ಕಂಡರೆ ಕೂಡಲೇ ಒಯ್ಯುತ್ತೀರಿ?
5. ಕಿಡ್ನಿ ಹೇಗಿದೆ? ಈಗ ತೆಗೆದುಕೊಳ್ಳುತ್ತಿರುವ ಸಕ್ಕರೆ ಮಾತ್ರೆ ಮುಂದುವರಿಸಬಹುದೇ?

ಖರ್ಚಿನ ಭಯ ದೊಡ್ಡದು. ಕೇಂದ್ರ ಸರಕಾರ 2017ರ ಫೆಬ್ರವರಿಯಲ್ಲಿ ಸ್ಟೆಂಟ್‌ಗೆ ಗರಿಷ್ಠ ಬೆಲೆ ನಿಗದಿ ಮಾಡಿದಾಗ ಔಷಧ ಲೇಪಿತ ಸ್ಟೆಂಟ್ 29,600 ರೂಪಾಯಿಗೆ ಇಳಿಯಿತು. ಆ ದರ ಆಮೇಲೆ ಪರಿಷ್ಕರಣೆಯಾಗಿದೆ, ನಿಯಂತ್ರಣ ಮಾತ್ರ ಮುಂದುವರಿದಿದೆ. ಆದರೆ ಆಸ್ಪತ್ರೆಯ ಇತರ ವೆಚ್ಚಗಳು ಬೇರೆ ಇರುತ್ತವೆ. ರೇಶನ್ ಕಾರ್ಡ್, ಆಯುಷ್ಮಾನ್ ಕಾರ್ಡ್ ಒಯ್ಯಿರಿ, ಯಾವ ಯೋಜನೆ ಅನ್ವಯಿಸುತ್ತದೆ ಎಂದು ಕೇಳಿ.

ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಉಮ್ಮನ ಆಂಜಿಯೋಗ್ರಾಮ್ ಆಯಿತು. ಒಂದು ನಾಳದಲ್ಲಿ ದೊಡ್ಡ ತಡೆಯಿತ್ತು, ಒಂದು ಸ್ಟೆಂಟ್ ಹಾಕಿದರು. ಸಹಿ ಹಾಕಿದ್ದು ಮಗಳು. ಶುಕ್ರವಾರ ದುಬೈಯಿಂದ ಮಗ ಬರುವ ಹೊತ್ತಿಗೆ ಉಮ್ಮ ಮನೆಯ ಜಗಲಿಯಲ್ಲಿ ಕುಳಿತಿದ್ದರು.

ಪಕ್ಕದ ಹಾಸಿಗೆಯವರೂ ಬದುಕಿದರು. ನಮ್ಮ ಊರಿನ ಸಮೀಪದವರೇ. ಆಸ್ಪತ್ರೆಯಲ್ಲಿ ಅವರಿಗೆ ಒಂದು ನಿಮಿಷವೂ ತಡವಾಗಿರಲಿಲ್ಲ. ಆದರೆ ಎದೆಯುರಿ ಎಂದು ಮನೆಯಲ್ಲೇ ಏಳು ಗಂಟೆ ಕಳೆದಿದ್ದರು. ಅಷ್ಟರಲ್ಲಿ ಹೃದಯದ ಒಂದು ಭಾಗ ಸತ್ತಿತ್ತು. ಈಗ ಮಸೀದಿಯ ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಲ್ಲುತ್ತಾರೆ.

ಸಹೋದರಿಯರೇ, ಯಾರಿಗೆ ಈಗಲೇ, ಯಾರಿಗೆ ನಾಳೆ ಎಂಬುದನ್ನು ವೈದ್ಯರು ತೂಗಿ ಹೇಳುತ್ತಾರೆ. ಆದರೆ ಆಸ್ಪತ್ರೆಗೆ ಹೊರಡುವುದರಲ್ಲಿ ‘ನಾಳೆ’ ಎಂಬುದಿಲ್ಲ. ಹದಿನೈದು ಇಪ್ಪತ್ತು ನಿಮಿಷ ಬಿಡದೆ ಎದೆ ಬಿಗಿದರೆ, ಬೆವರು, ಉಸಿರುಗಟ್ಟುವಿಕೆ ಕಂಡರೆ 108ಕ್ಕೆ ಕರೆ ಮಾಡಿ, ಹತ್ತಿರದಲ್ಲಿ ಇಸಿಜಿ ಇರುವಲ್ಲಿಗೆ ಹೋಗಿ. ಇಂದು ಊಟದ ಹೊತ್ತಿಗೆ ಮನೆಯವರೊಡನೆ ಒಂದು ಮಾತು ಆಡಿಟ್ಟುಕೊಳ್ಳಿ: ಇಸಿಜಿ ಎಲ್ಲಿದೆ, ಆಂಜಿಯೋಗ್ರಾಮ್ ಎಲ್ಲಿ ಆಗುತ್ತದೆ, ಕಾರ್ಡುಗಳು ಯಾವ ಕಪಾಟಿನಲ್ಲಿವೆ, ಗಂಡಸರಿಲ್ಲದಿದ್ದರೆ ಸಹಿ ಹಾಕುವವರು ಯಾರು. ಆ ರಾತ್ರಿ ಬಂದಾಗ ಕೇಳಲು ಹೊತ್ತಿರುವುದಿಲ್ಲ.